ರೇಡಿಯೊದಿಂದ ಮನೆಯಲ್ಲೇ ಹಿಡಿದಿಟ್ಟ ಜಾಝ್

(ಕೋಲಾರದಲ್ಲಿ ಸಂಗೀತಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲೋ ಬೀರುವಿನ ಕೆಳಗಿನ ಖಾನೆಯಲ್ಲೋ ಹಳೆಯ ಕ್ಯಾಸೆಟ್ಟು, ಸ್ಪೂಲ್ ಟೇಪು ಇದ್ದರೆ, ಅವುಗಳಲ್ಲಿ ರೇಡಿಯೊದಿಂದ ಹಿಡಿದ ಸಂಗೀತ ಇದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಇದನ್ನು ಕೇಳಿಕೊಳ್ಳಲೆಂದೇ ಇಲ್ಲಿಗೆ ಬಂದಿದ್ದೇನೆ. ನನಗೆ ಹೆಚ್ಚು ಪರಿಚಯವಿರುವುದು ಅಮೆರಿಕದಲ್ಲಿ ಹುಟ್ಟಿದ ಜಾಝ್ ಸಂಗೀತ, ಹಾಗಾಗಿ ಅದರ ಮೂಲಕವೇ ಮಾತಾಡುತ್ತೇನೆ.

ಕೋಲಾರ ಜಿಲ್ಲೆಗೂ ಜಾಝ್‌ಗೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಿದರೆ ಕೆಜಿಎಫ್ ನೆನಪು ಮಾಡಿಕೊಳ್ಳಿ. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು 1902ರಲ್ಲೇ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು ಅದಾದ ಮೂರು ವರ್ಷಕ್ಕೆ. ಗಣಿಯ ಬಂಗಲೆಗಳಲ್ಲಿ, ಕ್ಲಬ್ಬಿನಲ್ಲಿ ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು ಕುಣಿಯುತ್ತಿದ್ದರು. ಕುಣಿತಕ್ಕೆ ಬ್ಯಾಂಡು ಬೇಕಿತ್ತು, ಬ್ಯಾಂಡಿಲ್ಲದ ದಿನ ಗ್ರಾಮಫೋನು, ಆಮೇಲಾಮೇಲೆ ರೇಡಿಯೊ. ಮುಂದೆ ಕ್ಯಾಸೆಟ್ ರೆಕಾರ್ಡರ್ ಕೈಗೆಟುಕುವ ಬೆಲೆಗೆ ಬಂದಾಗ ಅದೇ ಮನೆಗಳ ಮಕ್ಕಳು, ಅವರ ಗೆಳೆಯರು, ಚಾಂಪಿಯನ್ ರೀಫ್‌ನ ತಮಿಳು ಹುಡುಗರು, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಓಡಾಡುತ್ತಿದ್ದ ನೌಕರರು ರಾತ್ರಿ ರೇಡಿಯೊ ಪಕ್ಕ ಕೂತು ರೆಕಾರ್ಡ್ ಮಾಡಿಕೊಂಡರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಕ್ಕೂ ಮೊದಲೇ ಎಷ್ಟೋ ಕುಟುಂಬಗಳು ಆಸ್ಟ್ರೇಲಿಯಾಕ್ಕೆ, ಇಂಗ್ಲೆಂಡಿಗೆ, ಬೆಂಗಳೂರಿಗೆ ಹೊರಟುಹೋಗಿದ್ದವು. ಮನೆ ಖಾಲಿ ಮಾಡುವಾಗ ಮೊದಲು ಹೊರಬೀಳುವುದು ಇಂಥ ಪೆಟ್ಟಿಗೆಗಳೇ.

ರೇಡಿಯೊದಿಂದ ಹಿಡಿದದ್ದಕ್ಕೆ ಅಷ್ಟೊಂದು ಬೆಲೆ ಏಕೆ? ಅಂಗಡಿಯಲ್ಲಿ ಸಿಗುವ ರೆಕಾರ್ಡಿನಲ್ಲೇ ಎಲ್ಲ ಇಲ್ಲವೇ? ಇಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಕಛೇರಿಯಲ್ಲಿ ಮುಕ್ಕಾಲು ಗಂಟೆ ರಾಗ ವಿಸ್ತಾರ ಮಾಡುವವರನ್ನು ಮೂರು ನಿಮಿಷಕ್ಕೆ ಕಟ್ಟಿಹಾಕಿದರೆ ನಮಗೆ ಏನು ಸಿಗುತ್ತದೆ ಎಂದು ಸಂಗೀತ ಕೇಳುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾಝ್ ಕೂಡ ಮನೋಧರ್ಮದ ಸಂಗೀತವೇ. 1930ರ ದಶಕದ ಅಮೆರಿಕದಲ್ಲಿ ಹೋಟೆಲು, ನೃತ್ಯಶಾಲೆಗಳಿಂದ ರೇಡಿಯೊ ನಿಲಯಕ್ಕೆ ಟೆಲಿಫೋನ್ ತಂತಿ ಎಳೆದು ರಾತ್ರಿ ನೇರ ಪ್ರಸಾರ ಮಾಡುತ್ತಿದ್ದರು. ಅಲ್ಲಿ ವಾದಕರಿಗೆ ಮೂರು ನಿಮಿಷದ ಗಡುವಿರಲಿಲ್ಲ, ಎದುರಿಗೆ ಕುಣಿಯುವ ಜನ ಇದ್ದರು. ಆದರೆ ಆ ಪ್ರಸಾರಗಳಲ್ಲಿ ಬಹುಪಾಲನ್ನು ಯಾರೂ ಕಾಪಿಡಲಿಲ್ಲ. ರಾತ್ರಿ ಗಾಳಿಗೆ ಬಿಟ್ಟದ್ದು ಬೆಳಗಾಗುವಷ್ಟರಲ್ಲಿ ಇಲ್ಲ.

ಇನ್ನೂ ಒಂದು ಕಾರಣವಿದೆ. 1942ರ ಆಗಸ್ಟ್ 1ರಿಂದ ಅಮೆರಿಕದ ವಾದಕರ ಸಂಘ ರೆಕಾರ್ಡ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತು. ಅತಿ ದೊಡ್ಡ ಎರಡು ಕಂಪನಿಗಳು ರಾಜಿಗೆ ಬಂದದ್ದು 1944ರ ನವೆಂಬರಿನಲ್ಲಿ. ಜಾಝ್‌ನ ನಡೆಯೇ ಬದಲಾಗುತ್ತಿದ್ದ, ಬೀಬಾಪ್ ಎಂಬ ಹೊಸ ಶೈಲಿ ಹುಟ್ಟುತ್ತಿದ್ದ ವರ್ಷಗಳು ಅವು. 1943ರಲ್ಲಿ ಅರ್ಲ್ ಹೈನ್ಸ್ ಅವರ ವಾದ್ಯವೃಂದದಲ್ಲಿ ಆ ಶೈಲಿಯ ಹರಿಕಾರರಾದ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಇಬ್ಬರೂ ಒಟ್ಟಿಗೆ ಕೂತು ನುಡಿಸಿದರು. ಆ ತಂಡದ ಒಂದೇ ಒಂದು ಸ್ಟುಡಿಯೋ ರೆಕಾರ್ಡ್ ಇಲ್ಲ. ಮುಷ್ಕರ ಇದ್ದದ್ದು ಪ್ಲೇಟುಗಳಿಗೆ, ರೇಡಿಯೊಗಲ್ಲ. ಆದ್ದರಿಂದ ಆ ಎರಡು ವರ್ಷಗಳ ಸಂಗೀತವನ್ನು ಈಗ ಹುಡುಕುವವರು ಪ್ರಸಾರಗಳ ಮುದ್ರಿಕೆಗಳ ಬಾಗಿಲನ್ನೇ ತಟ್ಟಬೇಕು.

ಈ ಕೆಲಸದಲ್ಲಿ ನಾನು ಬಹಳ ಗೌರವಿಸುವ ಹೆಸರು ಬಿಲ್ ಸೇವರಿ. ನ್ಯೂಯಾರ್ಕಿನ ಧ್ವನಿಮುದ್ರಣ ಎಂಜಿನಿಯರ್. 1930ರ ದಶಕದ ಕೊನೆಯ ವರ್ಷಗಳಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ, ರೇಡಿಯೊದಲ್ಲಿ ಬರುತ್ತಿದ್ದ ಜಾಝ್ ಅನ್ನು ತನಗೆ ಬೇಕೆಂದು ಅಲ್ಯೂಮಿನಿಯಂ ತಟ್ಟೆಗಳ ಮೇಲೆ, ಮೆರುಗೆಣ್ಣೆಯಂಥ ಲೇಪವಿದ್ದ ತಟ್ಟೆಗಳ ಮೇಲೆ ಕೊರೆದಿಟ್ಟುಕೊಂಡರು. ಮಾಮೂಲಿ ಪ್ಲೇಟಿಗಿಂತ ದೊಡ್ಡ ತಟ್ಟೆ, ನಿಧಾನ ವೇಗ. ಆದ್ದರಿಂದ ಒಂದೊಂದು ಕೃತಿಯೂ ತುಂಡಾಗದೆ ಹಿಡಿಸಿತು. ಸೇವರಿ ಬದುಕಿರುವವರೆಗೆ ಆ ಸಂಗ್ರಹದ ಬಹುಪಾಲನ್ನು ಹೊರಗಿನವರು ಕೇಳಲೇ ಇಲ್ಲ. ಅವರು 2004ರಲ್ಲಿ ತೀರಿಕೊಂಡರು. 2010ರಲ್ಲಿ ಹಾರ್ಲೆಮ್‌ನ ರಾಷ್ಟ್ರೀಯ ಜಾಝ್ ಸಂಗ್ರಹಾಲಯ ಅವರ ಮಗನಿಂದ ಆ ಪೆಟ್ಟಿಗೆಗಳನ್ನು ಪಡೆಯಿತು. 975ರಷ್ಟು ತಟ್ಟೆಗಳು, ನೂರು ಗಂಟೆಗೂ ಹೆಚ್ಚಿನ ಸಂಗೀತ. ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್ 1939ರಲ್ಲಿ ಸ್ಟುಡಿಯೋದಲ್ಲಿ ಮೂರು ನಿಮಿಷ ನುಡಿಸಿ ಹೆಸರು ಮಾಡಿದ್ದ ಒಂದು ಗೀತೆಯನ್ನು ಮರುವರ್ಷ ಜನರ ಮುಂದೆ ಸುಮಾರು ಆರು ನಿಮಿಷ ನುಡಿಸಿದ್ದು ಅದರಲ್ಲಿ ಸಿಕ್ಕಿತು. ಸ್ಯಾಕ್ಸೊಫೋನ್ ಕಲಿಯುವವರು ದಶಕಗಳ ಕಾಲ ಆ ಮೂರು ನಿಮಿಷವನ್ನೇ ಬಾಯಿಪಾಠ ಮಾಡಿದ್ದರು. ಅದೇ ಕಲಾವಿದ ಅದೇ ಗೀತೆಯಲ್ಲಿ ಮತ್ತೆಲ್ಲಿಗೆ ಹೋಗಬಲ್ಲವರಾಗಿದ್ದರು ಎಂಬುದು ಎಪ್ಪತ್ತು ವರ್ಷ ಪೆಟ್ಟಿಗೆಯಲ್ಲಿತ್ತು.

ಆ ಎಪ್ಪತ್ತು ವರ್ಷ ಪುಕ್ಕಟೆ ಕಳೆಯಲಿಲ್ಲ ಎಂಬುದನ್ನೂ ಹೇಳಬೇಕು. ಸಂಗ್ರಹದ ಒಂದು ಭಾಗ ಬೂಷ್ಟು ಹಿಡಿದು, ಲೇಪ ಬಿರಿದು ಎದ್ದು ಕೆಟ್ಟಿತ್ತು. ಸೇವರಿ ಅವರ ಮೇಲೆ ನನಗೆ ಎಷ್ಟು ಕೃತಜ್ಞತೆಯಿದೆಯೋ ಅವರು ಮುಚ್ಚಿಟ್ಟುಕೊಂಡದ್ದರ ಬಗ್ಗೆ ಅಷ್ಟೇ ಸಂಕಟವೂ ಇದೆ. 1980ರಲ್ಲೇ ನಾಲ್ಕು ಪ್ರತಿ ನಾಲ್ಕು ಕಡೆ ಇದ್ದಿದ್ದರೆ ಕೆಟ್ಟುಹೋದ ತಟ್ಟೆಗಳಲ್ಲಿ ಏನಿತ್ತು ಎಂದು ಇವತ್ತು ಊಹಿಸುತ್ತ ಕೂರಬೇಕಾಗಿರಲಿಲ್ಲ.

ಇನ್ನೊಂದು ರೀತಿಯ ನಡೆಯನ್ನೂ ನೋಡಿ. 1940ರ ನವೆಂಬರ್ 7ರಂದು ಉತ್ತರ ಡಕೋಟಾದ ಫಾರ್ಗೋ ಪಟ್ಟಣದ ನೃತ್ಯಶಾಲೆಗೆ ಹೆಸರಾಂತ ಜಾಝ್ ವೃಂದನಾಯಕ ಡ್ಯೂಕ್ ಎಲಿಂಗ್ಟನ್ ಅವರ ವೃಂದ ಬಂತು. ಜಾಕ್ ಟವರ್ಸ್, ಡಿಕ್ ಬರ್ರಿಸ್ ಎಂಬ ಇಬ್ಬರು ಯುವಕರು ಮೊದಲೇ ಅನುಮತಿ ಕೇಳಿ, ಮಾರಾಟ ಮಾಡುವುದಿಲ್ಲ ಎಂದು ಒಪ್ಪಿಕೊಂಡು, ತಟ್ಟೆ ಕೊರೆಯುವ ಯಂತ್ರ ಹೊತ್ತೊಯ್ದು ಆ ರಾತ್ರಿಯ ಕಾರ್ಯಕ್ರಮ ಹಿಡಿದರು. ವೃಂದದಲ್ಲಿದ್ದ ಡಬಲ್ ಬಾಸ್ ವಾದಕ ಜಿಮ್ಮಿ ಬ್ಲಾಂಟನ್ 1942ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಅಷ್ಟು ಕಡಿಮೆ ಕಾಲ ಬದುಕಿ ಆ ವಾದ್ಯದ ಸ್ಥಾನವನ್ನೇ ಬದಲಿಸಿದವರು ಒಂದು ಸಾಮಾನ್ಯ ರಾತ್ರಿ ಹೇಗೆ ನುಡಿಸುತ್ತಿದ್ದರು ಎಂದು ನಮಗೆ ಗೊತ್ತಿರುವುದು ಈ ಇಬ್ಬರಿಂದ. ಆ ಮುದ್ರಣ 1970ರ ದಶಕದ ಕೊನೆಯಲ್ಲಿ ಅಧಿಕೃತವಾಗಿ ಹೊರಬಂದು ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು.

ಈಗ ನಮ್ಮ ಕಡೆಗೆ ಬರೋಣ. ನಮ್ಮ ದೇಶದಲ್ಲಿ ರೇಡಿಯೊದಿಂದ ಜಾಝ್ ಕೇಳಿದ ಹಿರಿಯರನ್ನು ಮಾತಾಡಿಸಿದರೆ ಬಹಳಷ್ಟು ಜನ ಹೇಳುವುದು ವಿಲ್ಲಿಸ್ ಕಾನೊವರ್ ಹೆಸರು. ಅಮೆರಿಕ ಸರ್ಕಾರದ ವಿದೇಶಿ ಪ್ರಸಾರ ನಿಲಯವಾದ ವಾಯ್ಸ್ ಆಫ್ ಅಮೆರಿಕದಲ್ಲಿ 1955ರಿಂದ ಜಾಝ್ ಕಾರ್ಯಕ್ರಮ ನಡೆಸಿದವರು, ತೀರಿಕೊಂಡದ್ದು 1996ರಲ್ಲಿ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೂ ತಿಳಿಯಲಿ ಎಂದು ಗಂಭೀರ ದನಿಯಲ್ಲಿ ಒಂದೊಂದೇ ಪದ ಬಿಡಿಸಿ ನಿಧಾನವಾಗಿ ಮಾತಾಡುತ್ತಿದ್ದರು. ವಾದಕರ ಹೆಸರನ್ನು ಹೇಳುವಾಗಲಂತೂ ಬರೆದುಕೊಳ್ಳಲು ಸಮಯ ಕೊಟ್ಟಂತೆ ಹೇಳುತ್ತಿದ್ದರು. ಆ ಪ್ರಸಾರ ಅಮೆರಿಕದ ಒಳಗಿನ ಜನರಿಗೆ ಅಲ್ಲ. ಅಲ್ಲಿನ ಕಾನೂನೇ ಅದನ್ನು ಸ್ವದೇಶದಲ್ಲಿ ಪ್ರಸಾರ ಮಾಡಲು ಬಿಡುತ್ತಿರಲಿಲ್ಲ. ಹಾಗಾಗಿ ಮಾಸ್ಕೋದಲ್ಲಿ, ವಾರ್ಸಾದಲ್ಲಿ, ನಮ್ಮಲ್ಲಿ ಮನೆಮಾತಾಗಿದ್ದ ದನಿ ಅವರ ಸ್ವಂತ ಊರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ.

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಕಾನೊವರ್ ಅವರ ಸಂಗ್ರಹ ಉತ್ತರ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜೋಪಾನವಾಗಿದೆ. ನಿಮ್ಮ ಕ್ಯಾಸೆಟ್ಟಿನಲ್ಲಿ ಅವರ ಕಾರ್ಯಕ್ರಮವಿದ್ದರೆ ಸಂಗೀತದ ಮಟ್ಟಿಗೆ ಅದು ಜಗತ್ತಿನ ಏಕೈಕ ಪ್ರತಿ ಆಗಿರುವ ಸಾಧ್ಯತೆ ಕಡಿಮೆ. ನಾನು ಇನ್ನೂ ಆಸೆಯಿಂದ ಹುಡುಕುವುದು ಬೇರೆಯದನ್ನು: ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ಕಾರ್ಯಕ್ರಮಗಳಲ್ಲಿ ನುಡಿಸಿದ ನಮ್ಮದೇ ತಂಡಗಳು, ಕಂಟೋನ್ಮೆಂಟಿನ ಹೋಟೆಲು ಬ್ಯಾಂಡುಗಳು. ಅಮೆರಿಕದ ಪಿಯಾನೊ ವಾದಕ ಡೇವ್ ಬ್ರೂಬೆಕ್ 1958ರಲ್ಲಿ, ಎಲಿಂಗ್ಟನ್ 1963ರಲ್ಲಿ ಭಾರತಕ್ಕೆ ಬಂದರು. ಅಂಥ ಪ್ರವಾಸಗಳ ಸುತ್ತ ಬಂದ ರೇಡಿಯೊ ಮಾತುಕತೆಗಳೂ ಎಲ್ಲಾದರೂ ಇರಬಹುದು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರೊಂದಿಗೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಕೂಡಿ ನುಡಿಸಿದ್ದು ಜರ್ಮನಿಯ ಕಂಪನಿಯೊಂದರಿಂದ 1983ರಲ್ಲಿ ರೆಕಾರ್ಡ್ ಆಗಿ ಬಂತು. ಅವರ ಕಾಲದ ನಮ್ಮ ರೇಡಿಯೊ ಮುದ್ರಣಗಳು ಯಾರ ಮನೆಯಲ್ಲಾದರೂ ಇದ್ದರೆ ಅವು ಚಿನ್ನ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಅಳಿಸಿ ಮತ್ತೆ ಬಳಸುವುದು ಜಗತ್ತಿನ ಎಷ್ಟೋ ನಿಲಯಗಳ ರೂಢಿಯಾಗಿತ್ತು. ನಿಲಯ ಅಳಿಸಿದ್ದನ್ನು ಕೇಳುಗ ಉಳಿಸಿರಬಹುದು.

ಹಾಗಿದ್ದರೆ ಕಾನೊವರ್ ಕ್ಯಾಸೆಟ್ಟು ಬೇಡವೇ? ಬೇಕು. ಬಂಗಾರಪೇಟೆಯ ಒಂದು ಮನೆಯವರು ಕೊಟ್ಟ ಕ್ಯಾಸೆಟ್ಟಿನ ಉದಾಹರಣೆ ಹೇಳುತ್ತೇನೆ. ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯಲ್ಲಿ ‘ಜಾಝ್, ರಾತ್ರಿ’ ಎಂದಷ್ಟೇ ಇತ್ತು. ತಾರೀಖಿಲ್ಲ. ದೂರದೇಶದ ನಿಲಯಗಳು ಬರುತ್ತಿದ್ದ ಶಾರ್ಟ್‌ವೇವ್‌ನ ಏರಿಳಿತ, ನಡುನಡುವೆ ಪಕ್ಕದ ನಿಲಯದ ಗೊಣಗಾಟ, ಮಧ್ಯೆ ಒಮ್ಮೆ ಮನೆಯ ಹೆಂಗಸರೊಬ್ಬರು ತೆಲುಗಿನಲ್ಲಿ ಊಟಕ್ಕೆ ಕರೆಯುವ ದನಿ. ಅಂದರೆ ತಂತಿ ಜೋಡಿಸಿರಲಿಲ್ಲ, ಸ್ಪೀಕರಿನ ಮುಂದೆ ಮೈಕು ಇಟ್ಟು ರೆಕಾರ್ಡ್ ಮಾಡಿದ್ದರು. ಬದಿ ಮುಗಿಯಲು ಇನ್ನೂ ಸ್ವಲ್ಪ ಇರುವಾಗ ಜಾಝ್ ಟಕ್ಕೆಂದು ನಿಂತು ಆಕಾಶವಾಣಿಯ ಕನ್ನಡ ವಾರ್ತೆಯ ತುಣುಕು ಶುರುವಾಗುತ್ತದೆ: ದೆಹಲಿಯಲ್ಲಿ ನಡೆಯುತ್ತಿರುವ ಏಷ್ಯನ್ ಕ್ರೀಡಾಕೂಟದ ಸುದ್ದಿ. ಆ ಕ್ರೀಡಾಕೂಟ ನಡೆದದ್ದು 1982ರ ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ. ವಾರ್ತೆ ಹಳೆಯದು, ಅದರ ಮೇಲೆ ಜಾಝ್ ಹಿಡಿದಿದ್ದಾರೆ, ಬಾಲ ಮಾತ್ರ ಅಳಿಯದೆ ಉಳಿದಿದೆ. ಆದ್ದರಿಂದ ಜಾಝ್ ಅದಕ್ಕಿಂತ ಈಚಿನದು. ಇನ್ನು ನಿರೂಪಕರು ಜಾಝ್ ವೃಂದನಾಯಕ ಕೌಂಟ್ ಬೇಸಿ ಬಗ್ಗೆ ಮಾತಾಡುವಾಗ ಬದುಕಿದ್ದು ನುಡಿಸುತ್ತಿರುವವರ ಬಗ್ಗೆ ಮಾತಾಡುವಂತೆಯೇ ಹೇಳುತ್ತಾರೆ. ಬೇಸಿ ತೀರಿಕೊಂಡದ್ದು 1984ರ ಏಪ್ರಿಲ್ 26ರಂದು. ಮರುಪ್ರಸಾರವಲ್ಲದಿದ್ದರೆ, ಈ ಕ್ಯಾಸೆಟ್ಟು ಆ ಎರಡರ ನಡುವಿನದು.

ಇದರಲ್ಲಿ ನಾನು ಒತ್ತಿ ಹೇಳಬೇಕಾದ ಸಂಗತಿ ಇದೆ. ತಾರೀಖು ಸಿಕ್ಕಿದ್ದು ಸಂಗೀತದಿಂದಲ್ಲ. ಬೇರೆ ಯಾರಾದರೂ ಆಗಿದ್ದರೆ ‘ಕಸ’ ಎಂದು ಕತ್ತರಿಸಿ ಎಸೆಯುತ್ತಿದ್ದ ಭಾಗಗಳಿಂದ: ನಿರೂಪಕರ ಮಾತು, ವಾರ್ತೆಯ ಬಾಲ. ಹಳೆಯ ಮುದ್ರಣಗಳನ್ನು ಕಂಪ್ಯೂಟರಿಗೆ ಏರಿಸುವ ಅನೇಕರು ಹಾಡನ್ನಷ್ಟೇ ಆರಿಸಿ, ಮಾತು ತೆಗೆದು, ಸದ್ದು ತೊಳೆದು ಇಡುತ್ತಾರೆ. ತೊಳೆಯುವ ತಂತ್ರಾಂಶಕ್ಕೆ ಶಾರ್ಟ್‌ವೇವ್‌ನ ಸುಯ್ಯೆನ್ನುವ ಸದ್ದಿಗೂ ಡ್ರಮ್ಮಿನ ತಾಳದ ಮೇಲೆ ಬ್ರಷ್ಷಿನಿಂದ ಸವರುವ ಸದ್ದಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಎರಡನ್ನೂ ಒರೆಸಿಹಾಕುತ್ತದೆ. ಆಮೇಲೆ ಕೇಳಿದರೆ ವಾದಕರು ನೀರಿನೊಳಗೆ ಕೂತು ನುಡಿಸಿದಂತಿರುತ್ತದೆ. ಒಂದು ಪ್ರತಿ ಹೇಗಿದೆಯೋ ಹಾಗೆ, ಮೊದಲ ಖಡಕ್ ಸದ್ದಿನಿಂದ ಕೊನೆಯ ಖಡಕ್ ಸದ್ದಿನವರೆಗೆ, ಕೈ ಹಾಕದೆ ಇರಲೇಬೇಕು. ಕೇಳುವುದಕ್ಕೆ ಹಿತವಾಗಿರಲಿ ಎಂದರೆ ಇನ್ನೊಂದು ಪ್ರತಿ ಮಾಡಿ ಅದನ್ನು ಏನು ಬೇಕಾದರೂ ಮಾಡಿ.

ಕೆಲಸದ ಬಗ್ಗೆ ಒಂದಿಷ್ಟು. ಕ್ಯಾಸೆಟ್ಟು ಕೈಗೆ ಬಂದ ಕೂಡಲೇ ಯಂತ್ರಕ್ಕೆ ಹಾಕಬೇಡಿ. ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳಿರುತ್ತವೆ. ಮುರಿದುಬಿಡಿ, ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಆಮೇಲೆ ಟೇಪು ಹೊರಗೆ ಕಾಣುವ ಕಡೆ ನೋಡಿ. ನಡುವೆ ತಾಮ್ರದ ಬಣ್ಣದ ತೆಳು ಪಟ್ಟಿಯ ಮೇಲೆ ಒಂದು ಚೂರು ಫೆಲ್ಟ್ ಬಟ್ಟೆ ಅಂಟಿಸಿರುತ್ತಾರೆ, ಟೇಪನ್ನು ಹೆಡ್ಡಿಗೆ, ಅಂದರೆ ಯಂತ್ರದಲ್ಲಿ ಟೇಪನ್ನು ಓದುವ ಭಾಗಕ್ಕೆ, ಒತ್ತಿ ಹಿಡಿಯುವುದಕ್ಕೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಗೋಂದು ಒಣಗಿ ಅದು ಉದುರಿರುತ್ತದೆ. ದನಿ ಮಂಕಾಗಿ, ಬಂದು ಬಂದು ಹೋದರೆ ‘ಟೇಪು ಹಾಳಾಗಿದೆ’ ಎಂದುಕೊಳ್ಳುತ್ತೇವೆ. ಹಾಳಾಗಿರುವುದು ಆ ಬಟ್ಟೆ ಚೂರು. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಎರಡು ಸುರುಳಿಯನ್ನೂ ಹಾಗೇ ಎತ್ತಿ ಒಳ್ಳೆಯ ಇನ್ನೊಂದು ಚಿಪ್ಪಿನೊಳಗೆ ಕೂರಿಸಬಹುದು. ಸುರುಳಿಯನ್ನು ಬೆರಳಿನಿಂದ ಒತ್ತಬಾರದು. ತೊಂಬತ್ತು ನಿಮಿಷದ ಸಿ-90 ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ, ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ಮಡಿಚಿಕೊಂಡರೆ ಆ ಗುರುತು ಹೋಗುವುದಿಲ್ಲ.

ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇದೆ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಯಾವ ಕೋನದಲ್ಲಿತ್ತೋ ನಾವು ನುಡಿಸುವ ಯಂತ್ರದ ಹೆಡ್ಡೂ ಅದೇ ಕೋನಕ್ಕೆ ಬಂದಾಗ ಮಾತ್ರ ಮೇಲಿನ ಸ್ವರಗಳು ತೆರೆದುಕೊಳ್ಳುತ್ತವೆ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಕಿವಿಯಿಂದ ಹೊಂದಿಸಬೇಕು. ಮಂಜು ಸರಿದ ಹಾಗೆ ತಟ್ಟನೆ ಟ್ರಂಪೆಟ್ ಸ್ಪಷ್ಟವಾಗುವ ಆ ಕ್ಷಣ ನನಗೆ ಈ ಕೆಲಸದಲ್ಲಿ ಬಹಳ ಇಷ್ಟ.

ವೇಗದ ಸಮಸ್ಯೆ ಕುತೂಹಲದ್ದು. ಬ್ಯಾಟರಿ ಇಳಿದ ಯಂತ್ರದಲ್ಲಿ ರೆಕಾರ್ಡ್ ಆದದ್ದು ಇವತ್ತು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರಿರುತ್ತದೆ. ರೇಡಿಯೊವನ್ನು ಕರೆಂಟಿನಿಂದ ನಡೆಸಿದ್ದರೆ ಸಂಗೀತದ ಕೆಳಗೆ ಸಣ್ಣ ಗುಂಯ್ ಸದ್ದು ಇರುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್. ಆ ಗುಂಯ್ ಸದ್ದು 53ರಲ್ಲಿ ಕಂಡರೆ ಶ್ರುತಿ ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಮೇಲೇರಿದೆ ಎಂದರ್ಥ, ಅಷ್ಟು ಇಳಿಸಬೇಕು. ಅಮೆರಿಕದಲ್ಲಿ ಹಿಡಿದದ್ದಾದರೆ ಲೆಕ್ಕ 60 ಹರ್ಟ್ಸಿನಿಂದ. ಆದರೆ ಇದನ್ನೇ ನಂಬಿ ಕೂರಬೇಡಿ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ದಕ್ಷಿಣದ ಗ್ರಿಡ್ಡಿನಲ್ಲಿ ವಿದ್ಯುತ್ತಿನ ಅಭಾವದಿಂದ ಆವರ್ತನವೇ 50ಕ್ಕಿಂತ ಕೆಳಗೆ ಜಾರುತ್ತಿತ್ತು. ಪಿಯಾನೊದ ಶ್ರುತಿಯನ್ನೂ ಒಮ್ಮೆ ತಾಳೆ ನೋಡಿಕೊಳ್ಳಬೇಕು.

ಕಂಪ್ಯೂಟರಿಗೆ ಏರಿಸುವಾಗ 24 ಬಿಟ್, 96 ಕಿಲೋಹರ್ಟ್ಸ್, ವೇವ್ ಫೈಲು. ಎಂಪಿ3 ಅಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟು ಸ್ಟೀರಿಯೊದಲ್ಲಿ ಸುಮಾರು ಮೂರು ಜಿಬಿ ಆಗುತ್ತದೆ; ಇವತ್ತಿನ ಹಾರ್ಡ್ ಡಿಸ್ಕಿನ ಬೆಲೆಗೆ ಅದು ಹೊರೆಯಲ್ಲ. ಪೆಟ್ಟಿಗೆಯ ಚೀಟಿ, ಒಳಗಿನ ಕೈಬರಹ, ಕ್ಯಾಸೆಟ್ಟಿನ ಎರಡೂ ಮುಖ ಫೋಟೊ ತೆಗೆದು ಫೈಲಿನ ಜೊತೆಗೇ ಇಡಿ. ಲೂಯಿ ಆರ್ಮ್‌ಸ್ಟ್ರಾಂಗ್ ಅಷ್ಟು ದೊಡ್ಡ ಕಲಾವಿದರಾಗಿಯೂ ಮನೆಯಲ್ಲಿ ನೂರಾರು ಸ್ಪೂಲ್ ಟೇಪು ಮಾಡಿ, ಡಬ್ಬಿಗಳ ಮೇಲೆ ತಾವೇ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ್ದರು. ನ್ಯೂಯಾರ್ಕಿನಲ್ಲಿ ಅವರ ಮನೆಯೇ ಈಗ ವಸ್ತುಸಂಗ್ರಹಾಲಯ. ಅಲ್ಲಿ ಟೇಪಿನಷ್ಟೇ ಡಬ್ಬಿಗಳನ್ನೂ ಜೋಪಾನ ಮಾಡುತ್ತಾರೆ.

ಇನ್ನು ಹಂಚಿಕೊಳ್ಳುವುದು. ಇಲ್ಲಿ ಕಾನೂನಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಪ್ರಸಾರ ಮಾಡಿದ ಸಂಸ್ಥೆಯ ಹಕ್ಕು 25 ವರ್ಷ, ಪ್ರಕಟವಾದ ಧ್ವನಿಮುದ್ರಣದ ಹಕ್ಕು 60 ವರ್ಷ. ಅಮೆರಿಕದಲ್ಲಿ 1972ರ ಫೆಬ್ರವರಿಗೆ ಮುಂಚಿನ ಮುದ್ರಣಗಳಲ್ಲಿ ಎಷ್ಟೋ ಭಾಗಕ್ಕೆ 2067ರವರೆಗೂ ರಕ್ಷಣೆ ಇದೆ. ಆದ್ದರಿಂದ ಕೈಗೆ ಬಂದದ್ದನ್ನೆಲ್ಲ ಅಂತರ್ಜಾಲಕ್ಕೆ ಏರಿಸಿ ಎಂದು ನಾನು ಹೇಳಲಾರೆ, ಮಾರುವುದಂತೂ ಕೂಡದು. ಉಳಿಸುವುದಕ್ಕೂ ಪ್ರಕಟಿಸುವುದಕ್ಕೂ ವ್ಯತ್ಯಾಸವಿದೆ. ಒಂದು ಪ್ರತಿ ಟೇಪು ಕೊಟ್ಟ ಮನೆಗೇ ವಾಪಸು ಹೋಗಬೇಕು, ಇದು ನನ್ನ ಮೊದಲ ನಿಯಮ. ಇನ್ನೊಂದು ಬೇರೆ ಊರಿನಲ್ಲಿರಬೇಕು. ಏನೇನಿದೆ ಎಂಬ ಪಟ್ಟಿಯನ್ನು ಮಾತ್ರ ಎಲ್ಲರಿಗೂ ತೆರೆದಿಡಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ಜಾಝ್ ಅಧ್ಯಯನ ಸಂಸ್ಥೆಯಂಥ ಕಡೆ ಪಟ್ಟಿ ಕಳಿಸಿದರೆ ಯಾವುದು ಅಪರೂಪ ಎಂದು ಗುರುತಿಸಬಲ್ಲವರು ಇರುತ್ತಾರೆ. ಫಾರ್ಗೋದ ಯುವಕರು ಕೊಟ್ಟ ಮಾತು ಉಳಿಸಿಕೊಂಡು ಕಾದರು ಎಂಬುದನ್ನು ನೆನೆಯಿರಿ.

ಸಭಿಕರ ಪ್ರಶ್ನೆಗಳಿಗೆ ಬರುತ್ತೇನೆ.

ಮಾಲೂರಿನಿಂದ ಬಂದಿದ್ದ ಒಬ್ಬ ತಾಯಿ ಕೇಳಿದರು: “ನಮ್ಮನೇಲಿ ಜಾಝ್ ಎಲ್ಲ ಇಲ್ಲಪ್ಪ. ನಮ್ಮ ಯಜಮಾನ್ರು ರೇಡಿಯೊದಿಂದ ಹರಿಕಥೆ ಹಿಡಿದಿಟ್ಟವ್ರೆ. ಅದು ನಿಮಗೆ ಬೇಕಾ?”

ಬೇಕಮ್ಮ, ಅದನ್ನೇ ಮೊದಲು ತನ್ನಿ. ಜಾಝ್‌ಗೆ ಜಗತ್ತಿನಾದ್ಯಂತ ಹುಡುಕುವವರಿದ್ದಾರೆ. ನಮ್ಮ ಜಿಲ್ಲೆಯ ಹರಿಕಥೆ ದಾಸರ ದನಿಯನ್ನು ನಾವು ಹುಡುಕದಿದ್ದರೆ ಬೇರೆ ಯಾರೂ ಹುಡುಕುವುದಿಲ್ಲ. ಯಜಮಾನರು ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಯಾವ ರೇಡಿಯೊ, ಯಾವ ಊರಿನಲ್ಲಿ ಕೂತು ಹಿಡಿದದ್ದು ಎಂದು ಅವರ ಬಾಯಲ್ಲೇ ಕೇಳಿ ಬರೆದುಕೊಳ್ಳುತ್ತೇನೆ.

ಕಾಲೇಜು ಹುಡುಗರೊಬ್ಬರು, ಇಷ್ಟೆಲ್ಲ ಮಾಡಲು ಹಳೆಯ ಯಂತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಕಷ್ಟವೇ. ಟೇಪಿಗಿಂತ ಮೊದಲು ಸಾಯುತ್ತಿರುವುದು ಯಂತ್ರ ಮತ್ತು ಅದನ್ನು ರಿಪೇರಿ ಮಾಡುವ ಕೈಗಳು. ನಿಮ್ಮ ಬೀದಿಯಲ್ಲಿ ಹಳೆಯ ರೇಡಿಯೊ ಮೆಕ್ಯಾನಿಕ್ ಯಾರಾದರೂ ಇದ್ದರೆ ಅವರ ಹತ್ತಿರ ಬೆಲ್ಟು ಬದಲಿಸುವುದು, ಹೆಡ್ಡು ಒರೆಸುವುದು ಕಲಿತುಕೊಳ್ಳಿ. ಯಂತ್ರ ಕೆಟ್ಟಿದೆ ಎಂದು ಯಾರಾದರೂ ಎಸೆಯುತ್ತಿದ್ದರೆ ಬಿಡಿಭಾಗಕ್ಕಾದರೂ ತಂದಿಟ್ಟುಕೊಳ್ಳಿ.

ಕೊನೆಯದು ಸ್ಪೂಲ್ ಟೇಪಿನ ಬಗ್ಗೆ. ಕೆಜಿಎಫ್‌ನವರೊಬ್ಬರು ತಮ್ಮಲ್ಲಿರುವ ಟೇಪು ತಿರುಗುವಾಗ ಕಿರ್ರೆನ್ನುತ್ತದೆ, ಹೆಡ್ಡಿಗೆ ಕಂದು ಅಂಟು ಮೆತ್ತಿಕೊಳ್ಳುತ್ತದೆ, ಏನು ಮಾಡಬೇಕು ಎಂದರು. ಸರ್, ಆ ಟೇಪನ್ನು ಇನ್ನೊಮ್ಮೆ ತಿರುಗಿಸಬೇಡಿ. ಎಪ್ಪತ್ತು, ಎಂಬತ್ತರ ದಶಕದ ಕೆಲವು ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಟ್ಟಿರುವ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ನೀವು ಹೆಡ್ಡಿನಿಂದ ಒರೆಸಿ ತೆಗೆಯುವ ಕಂದು ಪುಡಿಯಲ್ಲೇ ಸಂಗೀತ ಇರುವುದು. ಅಂಥ ಟೇಪನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಒಂದೇ ಸಮನೆ ಕಾಯಿಸಿದರೆ ಅಂಟು ಕೆಲಕಾಲ ಗಟ್ಟಿಯಾಗುತ್ತದೆ, ಅಷ್ಟರೊಳಗೆ ನಕಲು ಮಾಡಿಕೊಳ್ಳಬೇಕು. ಅಡುಗೆಮನೆಯ ಓವನ್ನಿನಲ್ಲಿ ಮಾತ್ರ ಬೇಡ, ಅದರ ಶಾಖ ಹದದಲ್ಲಿ ನಿಲ್ಲುವುದಿಲ್ಲ. ಇನ್ನೊಂದು, ಮೊದಲು ಡಬ್ಬಿ ತೆರೆದು ಮೂಸಿ ನೋಡಿ. ವಿನಿಗರ್ ವಾಸನೆ ಬಂದರೆ ಅದು ಅಸಿಟೇಟ್ ಟೇಪು, ಅದನ್ನು ಕಾಯಿಸಲೇಬಾರದು. ಬೇರೆ ಟೇಪುಗಳಿಂದ ದೂರ, ತಂಪಾದ ಜಾಗದಲ್ಲಿಟ್ಟು ಆದಷ್ಟು ಬೇಗ ತೆಗೆದುಕೊಂಡು ಬನ್ನಿ.